ಬಾಗಿಲ ಮೇಲಿನ ಮಸಿ

ಆ ಚಿತ್ರ ನಮ್ಮ ಸ್ಟುಡಿಯೋಗೆ ಬಂದದ್ದು ಮಗುವಿನ ಹೊದಿಕೆಯೊಂದರಲ್ಲಿ ಸುತ್ತಿಕೊಂಡು. ತಂದವಳು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಸ್ಮೆತಿಕ್‌ನಿಂದ ಬಸ್ಸಿನಲ್ಲಿ, ಚಿತ್ರವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಂದಿದ್ದಳು. ಬರ್ಮಿಂಗ್‌ಹ್ಯಾಮ್‌ನ ಜ್ಯುವೆಲರಿ ಕ್ವಾರ್ಟರ್‌ನಲ್ಲಿ, ಒಂದು ಕಾಲಕ್ಕೆ ಅಂಗಿಯ ಗುಂಡಿ ತಯಾರಿಸುತ್ತಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಲಿಫ್ಟ್ ಇಲ್ಲ. ಹುಡುಗಿ ಏದುಸಿರು ಬಿಡುತ್ತಲೇ ಹೊದಿಕೆ ಬಿಚ್ಚಿದಳು.

ಹಳೆಯ ಚಿತ್ರಗಳ ಹರಿದ ಕ್ಯಾನ್ವಾಸ್ ಕೂಡಿಸುವುದು, ಉದುರುವ ಬಣ್ಣವನ್ನು ಮತ್ತೆ ಕೂರಿಸುವುದು, ಮೇಲೆ ಕಟ್ಟಿದ ಕೊಳೆ ತೆಗೆಯುವುದು ನಮ್ಮ ಕೆಲಸ. ನಾನು ಸೇರಿ ನಾಲ್ಕು ತಿಂಗಳಾಗಿತ್ತು. ಪರೀಕ್ಷಾವಧಿ ಆರು ತಿಂಗಳು. ಅದು ಮುಗಿದಾಗ ಸ್ಟುಡಿಯೋದ ಒಡತಿ ಬರೆದುಕೊಡುವ ಪತ್ರದ ಮೇಲೆ ನನ್ನ ವೀಸಾ ನಿಂತಿತ್ತು.

ರೊಮೇನಿಯಾದವರು ಈ ದೇಶದಲ್ಲಿ ಅಡ್ಡಿಯಿಲ್ಲದೆ ಕೆಲಸಕ್ಕೆ ಸೇರಬಹುದೆಂದು ಕಾನೂನು ಬದಲಾದ ಚಳಿಗಾಲ ಅದು. ಪತ್ರಿಕೆಗಳ ತುಂಬ ಅದೇ ಗಲಾಟೆ. ಹುಡುಗಿ, ನಾನು ಕೇಳುವ ಮೊದಲೇ, ತಮ್ಮ ಮನೆಯವರು ಐದು ವರ್ಷದ ಹಿಂದೆಯೇ ಬಂದವರು, ಅಪ್ಪ ಸ್ವಂತವಾಗಿ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಾರೆ, ಯಾರ ಹಂಗಿನಲ್ಲೂ ಇಲ್ಲ ಎಂದೆಲ್ಲ ಹೇಳಿಕೊಂಡಳು. ಯಾಕೆ ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಬಾಡಿಗೆಗೆ ರೂಮು ಕೇಳುವಾಗ ನಾನೂ ಹೆಸರಿಗಿಂತ ಮೊದಲು ಪದವಿಯನ್ನೇ ಹೇಳುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ.

ಚಿತ್ರ ಎರಡೂವರೆ ಅಡಿ ಅಗಲ, ಎರಡಡಿ ಎತ್ತರ. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ. ರೊಮೇನಿಯಾದ ಒಂದು ಹಳ್ಳಿಮನೆಯ ಅಂಗಳ. ನೀಲಿ ಬೆರೆಸಿದ ಸುಣ್ಣ ಬಳಿದ ಗೋಡೆ, ಮರದ ಕಂಬಗಳ ಪಡಸಾಲೆ. ಎಡಗಡೆ ಗೋವಿನಜೋಳದ ತೆನೆಗಳ ರಾಶಿ, ಅದರ ಪಕ್ಕ ಕಾಲು ಚಾಚಿ ಕೂತು ಕಾಳು ಬಿಡಿಸುವ ಹೆಂಗಸು. ಮುಂದುಗಡೆ ಒಬ್ಬ ಗಂಡಸು ಹುಲ್ಲು ಕೊಯ್ಯುವ ಉದ್ದಲಗಿನ ಕತ್ತಿಯನ್ನು ಸಣ್ಣ ಅಡಿಗಲ್ಲಿನ ಮೇಲಿಟ್ಟು ಬಡಿದು ಹರಿತ ಮಾಡುತ್ತಿದ್ದಾನೆ. ಇನ್ನೊಬ್ಬಳು ಮೊಣಕಾಲೂರಿ ಪಡಸಾಲೆಯ ನೆಲ ಸಾರಿಸುತ್ತಿದ್ದಾಳೆ. ಕೈ ಬೀಸಿದಲ್ಲೆಲ್ಲ ಅರ್ಧಚಂದ್ರದ ಗೆರೆಗಳು ಮೂಡಿವೆ, ನಮ್ಮ ಕಡೆ ಮೂಡುವಂತೆಯೇ. ಬಾಗಿಲು ಅರ್ಧ ತೆರೆದಿದೆ. ಬಾಗಿಲ ಮೇಲ್ಪಟ್ಟಿಯಲ್ಲಿ ಹೆಬ್ಬೆಟ್ಟಿನಗಲದ ಕಪ್ಪು ಮಸಿ.

ಚಿತ್ರ ಗೋಡೆಯಿಂದ ಬಿದ್ದು, ಕುರ್ಚಿಯ ಮೂಲೆ ತಗಲಿ, ಎಡ ಕೆಳಭಾಗದಲ್ಲಿ ಮೂರು ಬೆರಳಿನಷ್ಟು ಹರಿದಿತ್ತು. ಹುಡುಗಿ ಬಂದದ್ದು ಅದಕ್ಕೇ. ಈಸ್ಟರ್ ಹಬ್ಬದೊಳಗೆ ಹೊಸದರಂತೆ ಮಾಡಿಕೊಟ್ಟರೆ ಅಜ್ಜಿಗೆ ವಾಪಸು ಕೊಡುತ್ತೇನೆ ಅಂದಳು. ಒಡತಿ ಬೇರೊಬ್ಬರ ಜೊತೆ ಫೋನಿನಲ್ಲಿದ್ದಳು. ಆದ್ದರಿಂದ ಸ್ವೀಕೃತಿಯ ಫಾರಂ ತುಂಬಿಸಿಕೊಂಡವಳು ನಾನು.

ನಮ್ಮಲ್ಲಿ ಯಾವ ಚಿತ್ರವನ್ನೂ ಸುಮ್ಮನೆ ಮುಟ್ಟುವಂತಿಲ್ಲ. ಮೊದಲು ಫೋಟೋಗಳು. ಮಾಮೂಲು ಬೆಳಕಿನಲ್ಲೊಂದು, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಉಬ್ಬುತಗ್ಗು ಕಾಣುವಂತೆ ಇನ್ನೊಂದು, ನೇರಳಾತೀತ ದೀಪದಲ್ಲಿ ಮತ್ತೊಂದು. ಆಮೇಲೆ ಸ್ಥಿತಿ ವರದಿ, ಆಮೇಲೆ ಏನೇನು ಮಾಡುತ್ತೇವೆಂಬ ಪ್ರಸ್ತಾವನೆ. ನಾನು ನಾಲ್ಕು ಅಂಶ ಬರೆದೆ: ಹರಿದದ್ದನ್ನು ಕೂಡಿಸುವುದು, ಎದ್ದ ಬಣ್ಣವನ್ನು ಕೂರಿಸುವುದು, ಅಡುಗೆಮನೆಯ ಜಿಡ್ಡು ಮತ್ತು ಹೊಗೆಯ ಹಳದಿ ತೆಗೆಯುವುದು, ಬಾಗಿಲ ಮೇಲಿನ ಮಸಿ ತೆಗೆಯುವುದು. ಮಸಿಯ ಬಗ್ಗೆ ವರದಿಯಲ್ಲಿ ಹೀಗೆ ಬರೆದಿದ್ದೆ: ‘ಆಕಸ್ಮಿಕ. ಮೇಣದ ಬತ್ತಿಯೋ ದೀಪವೋ ಹತ್ತಿರ ಬಂದು ಆದದ್ದು.’ ಒಡತಿ ಓದಿ ಸರಿಯೆಂದಳು. ಹುಡುಗಿ ಸಹಿ ಮಾಡಿ ಕಳಿಸಿದಳು.

ಮೊದಲ ಎರಡು ವಾರ ಹರುಕಿಗೇ ಹೋಯಿತು. ಚಿತ್ರವನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಮೈಕ್ರೋಸ್ಕೋಪಿನಡಿ ತುಂಡಾದ ಒಂದೊಂದೇ ಎಳೆಯನ್ನು ಅದರ ಜೋಡಿ ಎಳೆಗೆ ತಂದು, ಮೀನಿನ ಅಂಟಿಗೆ ಗೋಧಿ ಗಂಜಿ ಸೇರಿಸಿದ ಪಾಕವನ್ನು ಸೂಜಿಮೊನೆಯಲ್ಲಿ ಇಟ್ಟು ಕೂಡಿಸಬೇಕು. ಒಂದು ದಿನಕ್ಕೆ ಹದಿನೈದು ಎಳೆಯಾದರೆ ಹೆಚ್ಚು. ಕೆಲವು ಎಳೆ ಕುಗ್ಗಿಹೋಗಿದ್ದವು. ಅವಕ್ಕೆ ಹೊಸ ನೂಲಿನ ತುಣುಕು ಸೇರಿಸಿದೆ. ಹಿಂದಿನಿಂದ ನೋಡಿದರೆ ಗಾಯ ಮಾಗಿದ ಹಾಗೆ ಒಂದು ಗೆರೆ, ಮುಂದಿನಿಂದ ಏನೂ ಇಲ್ಲ. ಒಡತಿ ಭೂತಗನ್ನಡಿ ಹಿಡಿದು ಹುಡುಕಿ, ಸಿಗದೆ, ‘ಎಲ್ಲಿ ಹರಿದಿತ್ತು ಅಂತ ನೀನೇ ತೋರಿಸಬೇಕು’ ಅಂದಳು. ಯಾರ್ಕ್‌ಷೈರಿನವಳು, ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದವಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಮಾರನೆಯ ವಾರ ಅವಳು ಲೀಡ್ಸ್‌ನ ಒಂದು ಗ್ಯಾಲರಿಯ ಕೆಲಸಕ್ಕೆ ಹೊರಟಾಗ, ಶುಚಿ ಮಾಡುವುದನ್ನು ನೀನೇ ಶುರುಮಾಡು, ಮೊದಲು ಆಕಾಶ, ಕೊನೆಗೆ ಬಾಗಿಲು ಎಂದು ಹೇಳಿಹೋದಳು.

ಚಿತ್ರ ಶುಚಿ ಮಾಡಲು ನಾವು ಬಳಸುವ ಸಾಮಗ್ರಿಗಳಲ್ಲಿ ಎಂಜಲೂ ಒಂದು. ಕೇಳಿದವರು ನಗುತ್ತಾರೆ, ಆದರೆ ಜಿಡ್ಡಿನ ಮೇಲೆ ಅದಕ್ಕಿಂತ ಮೃದುವಾಗಿ ಕೆಲಸ ಮಾಡುವ ವಸ್ತು ಕಡಿಮೆ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ಮುಟ್ಟಿಸಿ, ಚಿತ್ರದ ಮೇಲೆ ಉರುಳಿಸಬೇಕು. ಒತ್ತಬಾರದು, ಉಜ್ಜಬಾರದು. ಹತ್ತಿ ಕಂದಾದ ಕೂಡಲೇ ಕಸಕ್ಕೆ ಹಾಕಿ ಹೊಸದು ಸುತ್ತಬೇಕು. ಕೊನೆಗೆ ಶುದ್ಧ ನೀರಿನಲ್ಲಿ ಒಮ್ಮೆ ಒರೆಸಬೇಕು. ಆಕಾಶಕ್ಕೆ ಎರಡು ದಿನ ಹಿಡಿಯಿತು. ಟೀ ಬಣ್ಣಕ್ಕೆ ತಿರುಗಿದ್ದ ಮೋಡಗಳು ಬೆಳ್ಳಗಾದವು. ಗೋಡೆಯ ನೀಲಿ ಮೇಲೆದ್ದು ಬಂತು.

ಮೂರನೆಯ ದಿನ ನಾನು ಒಡತಿ ಹೇಳಿದ ಕ್ರಮ ಬಿಟ್ಟೆ. ಸುತ್ತಲಿನ ನೀಲಿ ಹೊಳೆಯುತ್ತಿದ್ದಂತೆ ಆ ಮಸಿ ಕಣ್ಣಿಗೆ ಚುಚ್ಚತೊಡಗಿತ್ತು. ನಮ್ಮ ಅಬ್ಬಾ ಬಾಗಲಕೋಟೆ ಕಡೆಯ ಸಂತೆಗಳಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಕಲಾಯಿ ಕೂರುವುದು ತಿಕ್ಕಿ ತೊಳೆದ ಪಾತ್ರೆಯ ಮೇಲೆ ಮಾತ್ರ. ಮಸಿ, ಕಿಲುಬು ಒಂದು ಚುಕ್ಕೆ ಉಳಿದರೂ ತವರ ಅಲ್ಲಿ ಹಿಡಿಯುವುದಿಲ್ಲ. ಮರಳು ಬೂದಿ ಹಾಕಿ ತಿಕ್ಕುವ ಕೆಲಸ ಮನೆಯ ಹೆಣ್ಣುಮಕ್ಕಳದು. ಹತ್ತು ವರ್ಷ ನಾನು ಅದನ್ನೇ ಮಾಡಿದ್ದೆ. ಮಸಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಡತಿ ಬಂದಾಗ ಬಾಗಿಲೂ ಮುಗಿದಿರಲಿ, ನನಗೆ ಹೇಳಿಕೊಡಬೇಕಾದ್ದೇನಿಲ್ಲ ಎಂದು ಅವಳಿಗೆ ತಿಳಿಯಲಿ ಅನ್ನಿಸಿತು. ಮಸಿ ಜಿಡ್ಡಿನ ಜೊತೆ ಸೇರಿಕೊಂಡಿದ್ದರಿಂದ ಎಂಜಲಿಗೇ ಬಿಟ್ಟುಕೊಂಡಿತು. ಸಂಜೆಗೆ ಬಲಗಡೆಯ ಅರ್ಧ ಹೋಗಿ ಕೆಳಗಿನ ಮರದ ಬಣ್ಣ, ಅದರಲ್ಲಿ ಕಲಾವಿದ ಕುಂಚದ ಹಿಂಬದಿಯಿಂದ ಗೀರಿದ ಎರಡು ಗೆರೆ ಕಂಡವು. ಖುಷಿಯಲ್ಲೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಉಳಿದರ್ಧ ತೆಗೆಯುವ ಮೊದಲು ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮಸಿಯನ್ನು ಅರ್ಧಕ್ಕೆ ನಿಲ್ಲಿಸಿದ್ದರಿಂದ ಅದರ ಪದರ ಅಡ್ಡಲಾಗಿ ಕಾಣುತ್ತಿತ್ತು. ಒಂದು ಕಪ್ಪು ಗೆರೆ, ಅದರ ಮೇಲೆ ತೆಳ್ಳಗೆ ಹಳದಿ, ಮತ್ತೆ ಕಪ್ಪು, ಮತ್ತೆ ಹಳದಿ, ಮತ್ತೆ ಕಪ್ಪು. ಹಳದಿಯೆಂದರೆ ಅಡುಗೆಮನೆಯ ಜಿಡ್ಡು. ಅಷ್ಟು ಕೂರಲು ತಿಂಗಳುಗಟ್ಟಲೆ ಬೇಕು. ಹಾಗಾದರೆ ಈ ಮಸಿ ಒಂದೇ ಸಲ ಆದದ್ದಲ್ಲ. ಬಹಳ ಅಂತರ ಬಿಟ್ಟು ಮೂರು ಸಲ, ಅದೇ ಜಾಗದಲ್ಲಿ. ಆಕಸ್ಮಿಕ ಅನ್ನುವುದು ಅದೇ ಹೆಬ್ಬೆಟ್ಟಿನಗಲದ ಜಾಗ ಹುಡುಕಿಕೊಂಡು ಮೂರು ಸಲ ಬರುವುದಿಲ್ಲ.

ಕಡ್ಡಿ ಕೆಳಗಿಟ್ಟೆ. ಓರೆ ಬೆಳಕಿನಲ್ಲಿ ತೆಗೆದ ಮೊದಲ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಶಾಖಕ್ಕೆ ಬಣ್ಣ ಸಣ್ಣಗೆ ಗುಳ್ಳೆಯೆದ್ದ ಜಾಗ ಒಂದು ಆಕಾರದಲ್ಲಿತ್ತು. ಮೇಲಿನಿಂದ ಕೆಳಗೆ ಒಂದು ಗೆರೆ, ಎಡದಿಂದ ಬಲಕ್ಕೆ ಒಂದು. ಶಿಲುಬೆ. ಈ ಫೋಟೋ ತೆಗೆದವಳು ನಾನೇ, ಹೆಸರು ಕೊಟ್ಟು ಫೈಲು ಮಾಡಿದವಳೂ ನಾನೇ. ಆಗ ನೋಡಿದ್ದು ಬರೀ ಮಸಿ.

ಹುಡುಗಿಗೆ ಫೋನ್ ಮಾಡಿದೆ. ಅವಳು ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಬಿಡುವಿನಲ್ಲಿ ತಾನೇ ವಾಪಸು ಫೋನ್ ಮಾಡಿದಳು. ಓ ಅದಾ, ಅದು ಅಜ್ಜನ ಕೆಲಸ, ಅಂದಳು. ಅವರಲ್ಲಿ ಈಸ್ಟರ್ ರಾತ್ರಿ ಚರ್ಚಿನಲ್ಲಿ ಹಚ್ಚಿದ ಮೇಣದ ಬತ್ತಿಯನ್ನು ಆರದಂತೆ ಮನೆಗೆ ತಂದು, ಒಳಗೆ ಹೋಗುವ ಮೊದಲು ಅದರ ಹೊಗೆಯಿಂದ ಬಾಗಿಲ ಮೇಲೆ ಶಿಲುಬೆ ಬರೆಯುತ್ತಾರೆ. ವರ್ಷವಿಡೀ ಅದು ಇರುತ್ತದೆ. ಇಲ್ಲಿನದು ಬಾಡಿಗೆ ಮನೆ, ಬಿಳಿ ಬಾಗಿಲು. ಮೂರು ತಿಂಗಳಿಗೊಮ್ಮೆ ಏಜೆನ್ಸಿಯವರು ಬಂದು ಗೋಡೆ ಬಾಗಿಲು ನೋಡಿ ಬರೆದುಕೊಂಡು ಹೋಗುತ್ತಾರೆ. ಅದಕ್ಕೆ ಅಜ್ಜ ಚಿತ್ರದ ಬಾಗಿಲ ಮೇಲೆ ಬರೆಯತೊಡಗಿದ. ಅದು ಅವನು ಹುಟ್ಟಿದ ಮನೆಯೇ. ಒಂದು ಬೇಸಿಗೆಯಲ್ಲಿ ಅಲ್ಲಿ ತಂಗಿದ್ದ ಡ್ರಾಯಿಂಗ್ ಮಾಸ್ತರನೊಬ್ಬ ಬರೆದುಕೊಟ್ಟ ಚಿತ್ರ. ಮನೆ ಕೆಡವಿ ಎಷ್ಟೋ ವರ್ಷವಾಯಿತು. ಮೂರು ಈಸ್ಟರ್ ಹೀಗೆ ಮಾಡಿದ. ಹೋದ ಬೇಸಿಗೆಯಲ್ಲಿ ತೀರಿಕೊಂಡ.

ನಾನು ಅರ್ಧ ತೆಗೆದಿದ್ದೇನೆ ಎಂದು ಹೇಳಿದೆ. ಒಳ್ಳೆಯದಾಯಿತು, ಉಳಿದರ್ಧವನ್ನೂ ತೆಗೆದುಬಿಡಿ ಅಂದಳು. ಅಜ್ಜಿ ಅದರ ಮುಂದೆ ನಿಂತು ಅಳುತ್ತಾಳೆ, ಊಟ ಬಿಡುತ್ತಾಳೆ. ಕಣ್ಣಿಗೆ ಬೀಳದಿದ್ದರೆ ನಿಧಾನಕ್ಕೆ ಮರೆಯುತ್ತಾಳೆ. ಅದಕ್ಕೇ ಸಹಿ ಮಾಡಿದ್ದು.

ಒಡತಿ ಲೀಡ್ಸ್‌ನಿಂದ ಬಂದಳು. ನಾನು ಕ್ರಮ ತಪ್ಪಿಸಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಮೈಕ್ರೋಸ್ಕೋಪಿನ ಮುಂದೆ ಬಹಳ ಹೊತ್ತು ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ‘ಪ್ರಸ್ತಾವನೆಯಲ್ಲಿದೆ, ಸಹಿಯಾಗಿದೆ. ಕಾಗದದ ಪ್ರಕಾರ ನಿನ್ನ ತಪ್ಪಿಲ್ಲ’ ಅಂದಳು. ಅವಳ ಲೆಕ್ಕದಲ್ಲಿ ದಾರಿ ಎರಡೇ. ಉಳಿದರ್ಧ ತೆಗೆಯುವುದು, ಇಲ್ಲವೇ ಹೋದರ್ಧವನ್ನು ಬೇಕೆಂದಾಗ ತೆಗೆಯಬಹುದಾದ ಬಣ್ಣದಲ್ಲಿ ತುಂಬುವುದು. ಅರ್ಧಕ್ಕೆ ನಿಂತ ಚಿತ್ರವನ್ನು ಯಾವ ಸ್ಟುಡಿಯೋವೂ ಹೊರಗೆ ಕಳಿಸುವುದಿಲ್ಲ.

ತೆಗೆಯಲು ನನಗೆ ಕೈ ಬರಲಿಲ್ಲ. ಎರಡನೆಯದನ್ನು ಹಿಡಿದೆ. ಹಳೆಯ ಹಲಗೆಯೊಂದರ ಮೇಲೆ ಅದೇ ಮರದ ಬಣ್ಣ ಬಳಿದು, ದೀಪದ ಕಾಡಿಗೆಯ ಪುಡಿಯನ್ನು ರಾಳದಲ್ಲಿ ಕಲಸಿ, ಒಣ ಕುಂಚದಲ್ಲಿ ಚುಕ್ಕೆಚುಕ್ಕೆಯಾಗಿ ಕೂರಿಸಿ ನೋಡಿದೆ. ಮೊದಲ ದಿನ ಬರೀ ಕಪ್ಪು ಕಲೆ. ಹೊಗೆಯ ಅಂಚಿಗೆ ಒಂದು ಮೃದುತನ ಇರುತ್ತದೆ, ಅದು ಬರಲಿಲ್ಲ. ಎರಡನೆಯ ದಿನ ಸ್ಪಂಜಿನ ಚೂರಿನಿಂದ ಒತ್ತಿದೆ, ಮಧ್ಯೆ ಮಧ್ಯೆ ತೆಳ್ಳಗೆ ಹಳದಿ ಲೇಪ ಕೊಟ್ಟೆ. ಮೂರನೆಯ ದಿನ ಸಂಜೆ ಹಲಗೆಯನ್ನು ಚಿತ್ರದ ಪಕ್ಕ ನಿಲ್ಲಿಸಿದಾಗ ಯಾವುದು ಮೇಣದ ಬತ್ತಿಯದು, ಯಾವುದು ನನ್ನದು ಎಂದು ಹೇಳಲಾಗಲಿಲ್ಲ. ಒಡತಿಗೂ ಹೇಳಲಾಗಲಿಲ್ಲ. ಇದು ಸಾಕು, ನಾಳೆ ಚಿತ್ರದ ಮೇಲೆ ಮಾಡು ಅಂದಳು.

ನನಗೆ ಭಯ ಹತ್ತಿದ್ದು ಆಗ. ಕೆಟ್ಟದಾಗಿ ಬಂದಿದ್ದರೆ ಅಜ್ಜಿಗೆ ತಿಳಿಯುತ್ತಿತ್ತು. ಇಷ್ಟು ಚೆನ್ನಾಗಿ ಬಂದರೆ ಅವಳು ಇನ್ನು ಮುಂದೆ ನನ್ನ ಕೈಬರಹದ ಮುಂದೆ ನಿಂತು ಗಂಡನನ್ನು ನೆನೆದು ಅಳುತ್ತಾಳೆ. ಅದು ಅವಳಿಗೆ ಎಂದಿಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಿರುತ್ತದೆ.

ನಾನಿದ್ದದ್ದು ಹಾರ್ಬೋರ್ನ್‌ನಲ್ಲಿ, ವಿಜಯಪುರ ಕಡೆಯ ಡಾಕ್ಟರೊಬ್ಬರ ಮನೆಯ ಮೇಲಿನ ರೂಮಿನಲ್ಲಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ ಅವರದು. ನಾನು ಅಕ್ಕಾ ಅನ್ನುತ್ತಿದ್ದೆ. ಉಳಿದ ಕನ್ನಡದವರ ಎದುರು ಇಬ್ಬರೂ ಬೆಂಗಳೂರಿನ ಹಾಗೆ ಮಾತಾಡಿ, ಅಡುಗೆಮನೆಗೆ ಬಂದ ಮೇಲೆ ನಮ್ಮ ಮಾತಿಗೆ ಇಳಿಯುತ್ತಿದ್ದೆವು. ಆ ಶನಿವಾರ ಅವರು ಟಿವಿಡೇಲ್ ಗುಡಿಗೆ ಹೋಗಿ ಬಂದು ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ನನ್ನ ಮುಖ ನೋಡಿ ಕೇಳಿದರು. ಹೇಳಿದೆ.

‘ಎಂಜಲದಾಗ ವರಸ್ತೀರೇನ ನೀವು?’ ಅಂದರು, ಹಿಟ್ಟಿನ ಕೈ ಎತ್ತಿ ಹಿಡಿದು. ‘ಅದಕ್ಕ ಎಂ.ಎ. ಮಾಡಬೇಕಾತೇನವಾ? ನಮ್ಮವ್ವ ನನ್ನ ಮಾರೀನ ಹಂಗs ವರಸತಿದ್ಳು.’

ನಾನು ನಗಲಿಲ್ಲ. ಏನು ಒರೆಸಿದೆ ಎಂಬುದನ್ನೂ ಹೇಳಿದೆ. ಅವರು ನಾದುವುದನ್ನು ನಿಲ್ಲಿಸಿದರು.

‘ದೇವರ ಗುರುತು ಅದು.’

‘ಹೂಂ ಅಕ್ಕಾ.’

‘ಎಂಜಲದಾಗ.’

‘ಹೂಂ.’

ಅವರು ಒಂದು ರೊಟ್ಟಿ ಬಡಿದರು, ಅದನ್ನು ಹೆಂಚಿಗೆ ಹಾಕಿದರು. ಆಮೇಲೆ ಹುಡುಗಿ ಸಹಿ ಮಾಡಿದ್ದಾಳೆ, ಒಡತಿಯೂ ಒಪ್ಪಿದ್ದಾಳೆ ಎಂದು ನಾನೇ ಸಮಜಾಯಿಷಿ ಕೊಟ್ಟೆ. ಆಗ ಅವರಿಗೆ ಸಿಟ್ಟು ಬಂತು.

‘ಥಿಯೇಟರ್‌ದಾಗ ಏನರ ತಪ್ಪಾದ್ರ ನಾವು ಯಾರಿಗೆ ಹೇಳ್ತೀವಿ? ಹೊರಗ ಕೂತ ಮಗಗಲ್ಲ. ಪೇಷಂಟ್ ಎಚ್ಚರಾಗೂತನಕ ಕಾದು, ಖುರ್ಚಿ ಎಳಕೊಂಡು, ಎದರಿಗೆ ಕೂತು ಹೇಳಬೇಕು. ಹಿಂಗ ಆತು, ನನ್ನ ಕೈಲೆ ಆತು ಅಂತ. ಯಾರದು ಆ ಫೋಟೋ?’

‘ಅಜ್ಜೀದು.’

‘ಅಜ್ಜಿ ಸತ್ತಾಳೇನ?’

‘ಇಲ್ಲ.’

‘ಮತ್ತ?’

ಸೋಮವಾರ ಬೆಳಿಗ್ಗೆ ಸ್ವೀಕೃತಿಯ ಫಾರಂ ತೆಗೆದು ನೋಡಿದೆ. ಮಾಲೀಕರು ಎಂಬ ಜಾಗದಲ್ಲಿ ಹುಡುಗಿ ಅಜ್ಜಿಯ ಹೆಸರನ್ನೇ ಬರೆದಿದ್ದಳು. ಕೆಳಗೆ ಸಹಿ ಮಾತ್ರ ತನ್ನದು. ಮಾಲೀಕರ ಪರವಾಗಿ ಸಹಿ ಮಾಡುವುದಾದರೆ ಅವರ ಒಪ್ಪಿಗೆ ಪತ್ರ ಬೇಕೆಂದು ಅದೇ ಫಾರಮ್ಮಿನ ಹಿಂಬದಿಯಲ್ಲಿತ್ತು. ಅವತ್ತು ನಾನು ಕೇಳಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಹುಡುಗಿ ಹೇಳಿದ್ದಳು. ನನಗೆ ಅಷ್ಟೇ ಸಾಕಾಗಿತ್ತು. ನಮ್ಮ ಅಬ್ಬಾಗೂ ಇಂಗ್ಲಿಷ್ ಬರುವುದಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಅವರನ್ನು ಬೆಂಚಿನ ಮೇಲೆ ಕೂರಿಸಿ, ಕೌಂಟರಿನವರು ನನ್ನೊಡನೆಯೇ ಮಾತು ಮುಗಿಸಿದಾಗ ನನಗೆ ಮೈ ಉರಿಯುತ್ತಿತ್ತು. ಈಗ ಕೌಂಟರಿನ ಈಚೆ ಬದಿಗೆ ಬಂದು ನಾನೂ ಅದನ್ನೇ ಮಾಡಿದ್ದೆ.

ಫಾರಂ ಹಿಡಿದುಕೊಂಡು ಒಡತಿಯ ಬಳಿ ಹೋದೆ. ಮಾಲೀಕಳು ಬಂದು ನೋಡುವವರೆಗೆ ನಾನು ಬಾಗಿಲನ್ನು ಮುಟ್ಟುವುದಿಲ್ಲ, ಬೇರೆಯವರು ಮುಟ್ಟಿದರೆ ಅದನ್ನು ವರದಿಯಲ್ಲಿ ಬರೆಯುತ್ತೇನೆ ಎಂದೆ. ಅವಳು ಫಾರಮ್ಮಿನ ಎರಡೂ ಬದಿ ಓದಿದಳು. ಇದು ದೂರಿನವರೆಗೆ ಹೋದರೆ ನಿನ್ನ ಪರೀಕ್ಷಾವಧಿಯ ಕಡತದಲ್ಲಿ ಸೇರುತ್ತದೆ, ನಾನು ತಡೆಯಲಾರೆ ಅಂದಳು. ಆಮೇಲೆ, ‘ಕರೆಸು. ನಾನೂ ಇರುತ್ತೇನೆ.’

ಹುಡುಗಿ ಒಪ್ಪಲಿಲ್ಲ. ಮೂರು ಸಲ ಫೋನು ಮಾಡಿದೆ. ಮೂರನೆಯ ಸಲ ಅವಳು ಸಿಟ್ಟಿನಲ್ಲಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. ‘ನೀನೂ ಹೊರಗಿನಿಂದ ಬಂದವಳೇ. ಸುಮ್ಮನೆ ಮುಗಿಸಿಕೊಟ್ಟಿದ್ದರೆ ಎಲ್ಲರೂ ಚೆನ್ನಾಗಿರುತ್ತಿದ್ದೆವು. ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ನಮ್ಮ ಅಜ್ಜಿಯನ್ನು ಮೂರು ಮಹಡಿ ಹತ್ತಿಸುತ್ತೀಯಾ?’ ಅದರಲ್ಲಿ ನಿಜವೂ ಇತ್ತು. ಬೇಕಾದರೆ ನಾನೇ ಚಿತ್ರ ತೆಗೆದುಕೊಂಡು ಸ್ಮೆತಿಕ್‌ಗೆ ಬರುತ್ತೇನೆ ಎಂದಷ್ಟೇ ಹೇಳಿದೆ. ಎರಡು ದಿನ ಬಿಟ್ಟು, ಅಜ್ಜಿ ತಾನೇ ಬರುತ್ತಾಳಂತೆ ಎಂಬ ಮೆಸೇಜು ಬಂತು.

ಹುಡುಗಿಯ ಜೊತೆ, ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡು ಅಜ್ಜಿ ಬಂದಳು. ಕುಳ್ಳಗೆ, ಗಟ್ಟಿಮುಟ್ಟು. ತಲೆಗೆ ಕಪ್ಪು ವಸ್ತ್ರ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಚಿತ್ರವನ್ನು ಆನಿಸಿಟ್ಟಿದ್ದ ಸ್ಟ್ಯಾಂಡಿನ ಮುಂದೆ ನಿಂತು ಮೊದಲು ಹರಿದಿದ್ದ ಜಾಗ ಹುಡುಕಿದಳು. ಸಿಗಲಿಲ್ಲ. ಬೆರಳು ಮುಟ್ಟಿಸದೆ ಗಾಳಿಯಲ್ಲೇ ಸವರಿ ತಲೆಯಾಡಿಸಿದಳು. ಗೋಡೆಯ ನೀಲಿ ನೋಡಿ ಏನೋ ಅಂದಳು. ಅವರತ್ತೆ ಸುಣ್ಣಕ್ಕೆ ಅಷ್ಟೇ ನೀಲಿ ಹಾಕುತ್ತಿದ್ದಳಂತೆ. ಆಮೇಲೆ ಕಣ್ಣು ಬಾಗಿಲಿಗೆ ಹೋಯಿತು. ಅಲ್ಲಿಯೇ ನಿಂತಿತು.

ನಾನು ಕುರ್ಚಿ ಎಳೆದುಕೊಂಡು ಎದುರು ಕೂತೆ. ಅವಳೂ ಆಗ ಕೂತಳು. ಹೇಳತೊಡಗಿದೆ. ಅದು ಕೊಳೆಯೆಂದು ತಿಳಿದೆ, ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಬಲಗಡೆಯದನ್ನು ನಾನೇ ನನ್ನ ಕೈಯಾರೆ ತೆಗೆದೆ. ಎಂಜಲಿನಲ್ಲಿ ತೆಗೆದೆ. ಹುಡುಗಿ ಒಂದೊಂದಾಗಿ ಅನುವಾದಿಸುತ್ತ ಬಂದು, ಕೊನೆಯ ಮಾತಿಗೆ ಸುಮ್ಮನಾದಳು. ‘ಇದನ್ನು ಹೇಳುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಅಂದಳು. ನಾನು ಮೇಜಿನ ಮೇಲಿನ ಕಡ್ಡಿಯೊಂದನ್ನು ತೆಗೆದುಕೊಂಡು ಹತ್ತಿ ಸುತ್ತಿದೆ. ನಾಲಿಗೆಗೆ ಮುಟ್ಟಿಸಿದೆ. ಅದನ್ನು ಬಾಗಿಲಿನ ಕಡೆಗೆ, ದೂರದಿಂದಲೇ, ಉರುಳಿಸುವ ಹಾಗೆ ಮಾಡಿ ತೋರಿಸಿದೆ.

ಅಜ್ಜಿಗೆ ಅರ್ಥವಾಯಿತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಚಾಚಿ ಆ ಕಡ್ಡಿ ಈಸಿಕೊಂಡಳು, ತಿರುಗಿಸಿ ನೋಡಿದಳು, ಒಂದು ಪ್ರಶ್ನೆ ಕೇಳಿದಳು. ಹುಡುಗಿ ತಡೆದು ತಡೆದು ಹೇಳಿದಳು. ‘ಆ ಹತ್ತಿಗಳು ಎಲ್ಲಿವೆ ಅಂತ ಕೇಳುತ್ತಿದ್ದಾಳೆ. ಮಸಿ ಅಂಟಿದವು.’

ಅವು ಅದೇ ದಿನ ಕಸದ ಬುಟ್ಟಿಗೆ, ಮರುದಿನ ಬೀದಿಯ ಕಸದ ಗಾಡಿಗೆ ಹೋಗಿದ್ದವು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಅಮ್ಮಿ ದಾರಿಯಲ್ಲಿ ಅರಬ್ಬಿ ಅಕ್ಷರದ ಚೂರು ಕಾಗದ ಕಂಡರೂ ಎತ್ತಿ, ಕಣ್ಣಿಗೊತ್ತಿ, ಗೋಡೆಯ ಸಂದಿಯಲ್ಲಿ ಸಿಕ್ಕಿಸುತ್ತಿದ್ದಳು. ಒಟ್ಟಾದ ಮೇಲೆ ಬಾವಿಗೆ ಬಿಡುತ್ತಿದ್ದಳು. ಓದಲು ಬರದ ಹೆಂಗಸು. ಅಂಥವಳ ಮಗಳು ನಾನು, ಒಬ್ಬನ ಮೂರು ಹಬ್ಬಗಳನ್ನು ಹತ್ತಿಯಲ್ಲಿ ಸುತ್ತಿ ಕಸಕ್ಕೆ ಹಾಕಿದ್ದೆ.

‘ಬಿಸಾಡಿದೆ’ ಎಂದೆ.

ಅಜ್ಜಿ ಕಣ್ಣು ಮುಚ್ಚಿದಳು. ಹುಡುಗಿ ಅವಳ ಭುಜ ಹಿಡಿದುಕೊಂಡಳು. ಒಡತಿ ಕಿಟಕಿಯ ಕಡೆ ತಿರುಗಿ ನಿಂತಳು. ಕಣ್ಣು ತೆರೆದು ಅಜ್ಜಿ ಮಾತಾಡತೊಡಗಿದಳು. ಗಟ್ಟಿ ಧ್ವನಿ, ಅಳು ಇಲ್ಲ. ಮೊಮ್ಮಗಳಿಗೆ ಬೈಯುತ್ತಿದ್ದಾಳೆಂದು ಭಾಷೆ ಬರದಿದ್ದರೂ ತಿಳಿಯಿತು. ಹುಡುಗಿಯ ಮುಖ ಕೆಂಪಾಯಿತು. ಬೈಗುಳ ಮುಗಿದ ಮೇಲೆ ನನಗಾಗಿ ಹೇಳಿದ್ದನ್ನು ಅವಳು ತಿಳಿಸಿದಳು. ‘ನಾನು ಅಳುವುದು ಮರೆಯುವುದಕ್ಕಲ್ಲ ಅನ್ನುತ್ತಿದ್ದಾಳೆ. ಉಳಿದದ್ದನ್ನು ಯಾರೂ ಮುಟ್ಟಬಾರದು. ಹೋದ ಜಾಗವನ್ನೂ ತುಂಬಬಾರದು.’

ನನ್ನ ಹಲಗೆಯನ್ನು, ಮೂರು ದಿನ ಕೂತು ಮಾಡಿದ ಆ ಮಸಿಯನ್ನು, ಹೀಗೂ ಮಾಡಬಹುದಿತ್ತು ಎಂದು ಒಡತಿ ತೋರಿಸಿದಳು. ಅಜ್ಜಿ ಅದನ್ನು ಹತ್ತಿರ ಹಿಡಿದು ನೋಡಿ, ನನ್ನ ಕಡೆ ನೋಡಿ, ಮೇಜಿನ ಮೇಲೆ ಮಗುಚಿಟ್ಟಳು.

ಆಮೇಲೆ ಅವಳು ಚಿತ್ರವನ್ನು ತಿರುಗಿಸಲು ಹೇಳಿದಳು. ಧೂಳು ತಗಲದಂತೆ ಹಿಂಬದಿಗೆ ನಾವು ತೆಳು ಹಲಗೆ ಕೂರಿಸಿದ್ದೆವು. ಅಲ್ಲಿ ಬರೆಯಬೇಕಂತೆ. ಬಾಗಿಲ ಮೇಲೆ ಏನಿತ್ತು, ಯಾರು ಬರೆದದ್ದು, ಎಷ್ಟು ಈಸ್ಟರ್, ಆಮೇಲೆ ಏನಾಯಿತು. ಹುಡುಗಿ ಅಲ್ಲಿಗೆ ನಿಲ್ಲಿಸಿದಳು. ಅಜ್ಜಿ ಅವಳ ಮೊಣಕೈ ತಿವಿದಳು.

‘ಒರೆಸಿದವಳ ಹೆಸರೂ ಬರಿ ಅನ್ನುತ್ತಿದ್ದಾಳೆ.’

ನಾನು ಒಡತಿಯನ್ನು ನೋಡಿದೆ. ಹಾಗೆ ಬರೆದರೆ ಅದು ಚಿತ್ರ ಇರುವವರೆಗೂ ಇರುತ್ತದೆ. ಮುಂದೆ ಯಾರ ಕೈಗೆ ಹೋದರೂ ಮೊದಲು ಓದುವುದು ಅದನ್ನೇ. ಬೇಡ, ವರದಿಯಲ್ಲಿ ಬರೆದರೆ ಸಾಕು ಎಂದು ಒಡತಿ ನಿಧಾನವಾಗಿ ಹೇಳಿನೋಡಿದಳು. ಅಜ್ಜಿ ಹುಡುಗಿಯ ಮೂಲಕ ಉತ್ತರ ಕೊಟ್ಟಳು. ‘ವರದಿ ನಿಮ್ಮ ಕಪಾಟಿನಲ್ಲಿರುತ್ತದೆ. ಈ ಬಾಗಿಲ ಮುಂದೆ ನಿಲ್ಲುವವಳು ನಾನು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ನನಗೆ ಗೊತ್ತಿರಬೇಕಲ್ಲ.’

ಬರೆಯುತ್ತೇನೆ ಎಂದೆ. ಒಡತಿ ಹೋಗಿ, ನೂರು ವರ್ಷವಾದರೂ ಮಾಸದ ಮಸಿಯ ಪೆನ್ನು, ಹಿಂಬದಿಯ ಹಲಗೆಗೆ ಅಂಟಿಸಲು ಹಳದಿಯಾಗದ ದಪ್ಪ ಕಾಗದ ತಂದುಕೊಟ್ಟಳು. ನಾನು ಇಂಗ್ಲಿಷಿನಲ್ಲಿ ಬರೆದೆ. ಅಜ್ಜನ ಹೆಸರು ಅಜ್ಜಿಯೇ ಅಕ್ಷರ ಅಕ್ಷರವಾಗಿ ಹೇಳಿದಳು. ‘ಇವರು ಈಸ್ಟರ್ ಬತ್ತಿಯ ಹೊಗೆಯಿಂದ ಮೂರು ವರ್ಷ ತಮ್ಮ ಮನೆಯ ಬಾಗಿಲ ಮೇಲೆ ಶಿಲುಬೆ ಬರೆದರು. ಬಲಗಡೆಯ ಅರ್ಧವನ್ನು ಕೊಳೆಯೆಂದು ತಿಳಿದು, ಮಾಲೀಕಳನ್ನು ಕೇಳದೆ, ಎಂಜಲಿನಿಂದ ತೆಗೆಯಲಾಯಿತು. ತೆಗೆದವಳು’ ಎಂದು ಬರೆದು ನನ್ನ ಹೆಸರು ಹಾಕಿದೆ. ಪದವಿ ಬರೆಯಲಿಲ್ಲ. ಅದರ ಕೆಳಗೆ ಹುಡುಗಿ ಅಷ್ಟನ್ನೂ ತಮ್ಮ ಭಾಷೆಯಲ್ಲಿ ಬರೆದಳು. ಎಂಜಲು ಎಂಬಲ್ಲಿ ಪೆನ್ನು ನಿಂತಿತು. ಅಜ್ಜಿ ನೋಡುತ್ತಿದ್ದಳು. ಬರೆದಳು.

ಅಜ್ಜಿ ನನ್ನ ಹೆಸರಿನ ಮೇಲೆ ಬೆರಳಿಟ್ಟು ಓದಲು ನೋಡಿದಳು, ತಪ್ಪಾಯಿತು. ನಾನು ಹೇಳಿಕೊಟ್ಟೆ. ಮತ್ತೆ ತಪ್ಪಾಯಿತು. ಮೂರನೆಯ ಸಲ ಸರಿಯಾಗಿ ಬಂತು. ಇನ್ನೊಮ್ಮೆ ಅಂದು ಗಟ್ಟಿ ಮಾಡಿಕೊಂಡಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೂರು ಬರಲಿಲ್ಲ. ಆದರೂ ಒಡತಿ ನನ್ನ ಪರೀಕ್ಷಾವಧಿಯನ್ನು ಮೂರು ತಿಂಗಳು ಮುಂದುವರಿಸಿದಳು, ಕಾರಣವನ್ನು ಪತ್ರದಲ್ಲಿ ಬರೆದೇ ಮುಂದುವರಿಸಿದಳು. ಆಮೇಲೆ ವೀಸಾಕ್ಕೆ ಬೇಕಾದ್ದನ್ನೂ ಬರೆದುಕೊಟ್ಟಳು. ಸ್ವೀಕೃತಿಯ ಫಾರಮ್ಮಿನಲ್ಲಿ ಒಪ್ಪಿಗೆ ಪತ್ರದ ಸಾಲು ಹಿಂಬದಿಯಿಂದ ಮುಂಬದಿಗೆ ಬಂತು.

ಚಿತ್ರ ಹಿಂತಿರುಗಿ ಹೋದದ್ದು ಅಜ್ಜಿ ಬಂದುಹೋದ ಮುಂದಿನ ವಾರ. ಬಾಗಿಲ ಭಾಗಕ್ಕೆ ವಾರ್ನಿಷ್ ಹಾಕಲಿಲ್ಲ. ಹುಡುಗಿಯ ಅಪ್ಪ ವ್ಯಾನ್ ತಂದು ಕೆಳಗೆ ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದ. ಕೆಳಗಿಳಿಸಲು ಹುಡುಗಿ ಮುಂದೆ, ನಾನು ಹಿಂದೆ ಹಿಡಿದೆವು. ಮೆಟ್ಟಿಲು ಕಡಿದು, ತಿರುವುಗಳು ಇಕ್ಕಟ್ಟು. ಚಿತ್ರವನ್ನು ಓರೆ ಮಾಡಿ, ಒಂದೊಂದೇ ಮೆಟ್ಟಿಲು ಇಳಿಯಬೇಕಾಯಿತು. ಅಂಗಳ, ತೆನೆಯ ರಾಶಿ, ಅರ್ಧ ಶಿಲುಬೆಯ ಬಾಗಿಲು ಅವಳ ಕಡೆಗಿದ್ದವು. ನನ್ನ ಕಡೆಗಿದ್ದದ್ದು ಚಿತ್ರದ ಬೆನ್ನು. ಮೂರು ಮಹಡಿಯುದ್ದಕ್ಕೂ ನಾನು ನನ್ನ ಹೆಸರನ್ನೇ ಓದುತ್ತ ಇಳಿದೆ.